ಇಲ್ಲದ ಗಡ್ಡೆಗೆ ಹೊತ್ತ ಹರಕೆ

ನನಗೆ ಯಾವ ಗಡ್ಡೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅಕ್ಕಿಹೆಬ್ಬಾಳಿನಿಂದ ಹಿಡಿದು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನವರೆಗೆ ನನ್ನನ್ನು ಬಲ್ಲವರೆಲ್ಲರೂ ನನ್ನ ಕಿವಿಯ ಕೆಳಗೆ ಗಡ್ಡೆಯಿತ್ತು, ಮೈಸೂರಿನಲ್ಲಿ ಕೊಯ್ದು ತೆಗೆಸಿದರು, ಪಾಪ, ಎಂದು ನಂಬಿದ್ದರು. ಈಗಲೂ ನಂಬಿರುವವರು ಇರಬಹುದು. ನಾನು ಮಾಡಿಸಿಕೊಂಡದ್ದು ಮುಖ ಎತ್ತಿಸುವ ಆಪರೇಷನ್. ಡಾಕ್ಟರುಗಳು ಫೇಸ್‌ಲಿಫ್ಟ್ ಅನ್ನುತ್ತಾರೆ. ಜೋತುಬಿದ್ದ ಕೆನ್ನೆಯನ್ನೂ ಗಲ್ಲದ ಕೆಳಗಿನ ಚರ್ಮವನ್ನೂ ಮೇಲಕ್ಕೆಳೆದು ಕಿವಿಯ ಸುತ್ತ ಹೊಲಿಯುತ್ತಾರೆ. ಬೇಕು ಅನ್ನಿಸಿತು, ಮಾಡಿಸಿಕೊಂಡೆ. ದುಡ್ಡೂ ನನ್ನದು, ಮುಖವೂ ನನ್ನದು. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ವರ್ಷ ಹಿಡಿಯಿತಲ್ಲ, ಅದು ನನ್ನ ಸಿಟ್ಟು.

ನಮ್ಮೂರು ಅಕ್ಕಿಹೆಬ್ಬಾಳಿನ ಪಕ್ಕ. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಬೆಳಗ್ಗೆಯೂ ಸಂಜೆಯೂ ಊರಿನ ಅರ್ಧ ಜನ ಕ್ಯಾನು ಹಿಡಿದುಕೊಂಡು ನನ್ನ ಮುಖದ ಮುಂದೆಯೇ ಹಾದುಹೋಗಬೇಕು. ಐವತ್ತು ದಾಟಿದ ಮೇಲೆ ಥೈರಾಯ್ಡು ಬಂದು ಊದಿಕೊಂಡೆ. ಮಾತ್ರೆ ಹೊಂದಿಕೊಂಡ ಮೇಲೆ ಮೈ ಇಳಿಯಿತು, ಆದರೆ ಚರ್ಮ ಕೆನ್ನೆಯಿಂದ ಜೋತು ನಿಂತಿತು. ಬಾಯಿಯ ಎರಡೂ ಕೊನೆ ಕೆಳಕ್ಕೆ ಬಾಗಿ, ನಗುತ್ತಿದ್ದರೂ ಈಗಷ್ಟೇ ಅತ್ತು ಬಂದವಳ ಹಾಗೆ ಕಾಣುತ್ತಿದ್ದೆ.

"ಯಾಕ್ ಯಸೋದಕ್ಕ, ಉಸಾರಿಲ್ವಾ?" ಎಂದು ಒಬ್ಬರು. "ಮನೇಲಿ ಏನಾರಾ ಮಾತಾಯ್ತಾ?" ಎಂದು ಇನ್ನೊಬ್ಬರು. ಇದು ದಿನಾ. ನನಗೆ ಹುಷಾರಿತ್ತು. ಮನೆಯಲ್ಲಿ ಎಲ್ಲ ನೆಟ್ಟಗಿತ್ತು. ದೇವಲಾಪುರಕ್ಕೆ ಕೊಟ್ಟ ಮಗಳು ಚೆನ್ನಾಗಿದ್ದಳು, ಕೊಟ್ಟಿಗೆಯ ಹಸುಗಳೂ ಚೆನ್ನಾಗಿದ್ದವು. ಆದರೂ ಹುಷಾರಾಗಿದ್ದೇನೆ ಎಂದು ದಿನಕ್ಕೆರಡು ಹೊತ್ತು ಸಾಕ್ಷಿ ಹೇಳುತ್ತಾ ನಿಲ್ಲಬೇಕಾಗಿತ್ತು. ಒಂದು ದಿನ ಒಬ್ಬ ಮುದುಕ ನನ್ನ ಮುಖ ನೋಡಿ, ಸಾವಿನ ಮನೆಯಿಂದ ಬಂದೆ ಅಂದುಕೊಂಡು, "ಯಾವಾಗ ಎತ್ತಿದ್ರವ್ವಾ?" ಎಂದು ಕೇಳಿದ. ಆವತ್ತು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಎರಡೂ ಕೈಯಿಂದ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ನೋಡಿಕೊಂಡೆ. ಹಳೆಯ ಯಶೋದ ಒಳಗೆಲ್ಲೋ ಇದ್ದಳು. ಅವಳನ್ನು ಹೊರಗೆ ತರಬೇಕು ಎಂದು ಆಗಲೇ ತೀರ್ಮಾನ ಮಾಡಿದೆ.

ನಮ್ಮ ಯಜಮಾನರು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಹೇಳಿದಾಗ, "ನಿನ್ನಿಷ್ಟ" ಅಂದರು. ಆ ಒಂದು ಮಾತನ್ನು ನಾನು ಒಪ್ಪಿಗೆ ಅಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಗಂಡಸರ 'ನಿನ್ನಿಷ್ಟ'ದ ಅರ್ಥ ತಿಳಿಯದೆ ಹೋಯಿತು.

ಮೈಸೂರಿನ ಆ ನರ್ಸಿಂಗ್ ಹೋಮಿನಲ್ಲಿ ಕಾಯುವ ಕೋಣೆಯ ತುಂಬ ನಗುಮುಖದ ಫೋಟೋಗಳಿದ್ದವು. ಡಾಕ್ಟರು ನನ್ನ ಕಿವಿಯ ಸುತ್ತ ಬೆರಳಾಡಿಸಿ, "ಗೆರೆ ಇಲ್ಲಿಂದ ಇಲ್ಲಿಗೆ ಬರುತ್ತೆ, ಕೂದಲಲ್ಲಿ ಮುಚ್ಚಿಹೋಗುತ್ತೆ. ನಿಮ್ಮ ಗಂಡನಿಗೂ ಕಾಣಲ್ಲ" ಅಂದರು. ನನ್ನ ಎಡತೋಳಿನ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಚುಚ್ಚುಮದ್ದಿನ ಗುರುತು ಹುಣಸೆ ಬೀಜದಷ್ಟು ದಪ್ಪಗೆ ಉಬ್ಬಿಕೊಂಡಿದೆ. ಅರ್ಧ ತೋಳಿನ ರವಿಕೆ ಹಾಕಿಕೊಂಡು ಅವರ ಮುಂದೆಯೇ ಕೂತಿದ್ದೆ. ಗಾಯ ಮಾಯುವಾಗ ಗಂಟು ಕಟ್ಟುವ ಮೈಯಾ ನಿಮ್ಮದು ಎಂದು ಅವರು ಕೇಳಲಿಲ್ಲ. ಅದನ್ನು ಹೇಳಬೇಕು ಎಂದು ನನಗೆ ಗೊತ್ತಿರಲಿಲ್ಲ. ಕೇಳಬೇಕು ಎಂದು ಅವರಿಗೆ ಗೊತ್ತಿತ್ತಲ್ಲ.

ಆಪರೇಷನ್ ಆಗಿ ಎಚ್ಚರವಾದಾಗ ತಲೆಯಿಂದ ಗಲ್ಲದವರೆಗೆ ಬಟ್ಟೆ ಬಿಗಿದಿದ್ದರು. ಎರಡೂ ಕಿವಿಯ ಹಿಂದಿನಿಂದ ಸಣ್ಣ ಕೊಳವೆಗಳು ಇಳಿದಿದ್ದವು. ನೋವಿಗಿಂತ ಹೆದರಿಸಿದ್ದು ಮರಗಟ್ಟುವಿಕೆ. ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದ್ದೋ ಕೆನ್ನೆ ಮುಟ್ಟಿದ ಹಾಗಿತ್ತು. ಒಬ್ಬ ನರ್ಸ್ ಹುಡುಗಿ ರಕ್ತ ಅಂಟಿ ಜಡೆಗಟ್ಟಿದ್ದ ನನ್ನ ಕೂದಲನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಒಂದೊಂದೇ ಎಳೆ ಬಿಡಿಸಿ ಬಾಚಿದಳು. ಅದು ಅವಳ ಕೆಲಸವಾಗಿರಲಿಲ್ಲ. ಅವಳ ಹೆಸರನ್ನು ಕೇಳಿಟ್ಟುಕೊಳ್ಳಲಿಲ್ಲ ಎಂದು ಈಗಲೂ ಬೇಜಾರು.

ವಾಪಸ್ಸು ಯಜಮಾನರ ಜೊತೆ ಪ್ಯಾಸೆಂಜರ್ ರೈಲಿನಲ್ಲಿ ಶಾಲು ಹೊದ್ದು ಬಂದೆ. ಮುಖ ಊದಿ, ಕಣ್ಣಿನ ಕೆಳಗೆಲ್ಲ ನೇರಳೆ ಬಣ್ಣ. ಗಲ್ಲದ ಕೆಳಗೆ ಪಟ್ಟಿ ಬಿಗಿದಿದ್ದರಿಂದ ಬಾಯಿ ಬಿಡಲಾಗುತ್ತಿರಲಿಲ್ಲ. ಅಕ್ಕಿಹೆಬ್ಬಾಳಿನ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದ ಹಾಗೆ ಎದುರು ಮನೆಯ ತಿಮ್ಮೇಗೌಡ ಸಿಕ್ಕ. ಅವನೂ ನಮ್ಮ ಯಜಮಾನರೂ ಓರಗೆಯವರು.

"ಏನ್ಲಾ ಇದು, ಯಸೋದವ್ವಂಗೆ ಏನಾಯ್ತ್ಲಾ?" ಅಂದ.

ನಮ್ಮ ಯಜಮಾನರು ನನ್ನ ಕಡೆ ನೋಡಲಿಲ್ಲ. "ಕಿವಿ ಕೆಳ್ಗೆ ವಸಿ ಗಡ್ಡೆ ಇತ್ತು ಕಣ್ಲಾ. ತೆಗುಸ್ಕೊಂಡ್ ಬಂದೊ" ಅಂದರು.

ನಾನು ಅಲ್ಲೇ ಇದ್ದೆ. ಬಾಯಿ ಮಾತ್ರ ಕಟ್ಟಿತ್ತು.

ಸಂಜೆಯೊಳಗೆ ಅವರ 'ವಸಿ', ಅಂದರೆ ಚೂರು ಅನ್ನುವ ಮಾತು, ಉದುರಿಹೋಗಿ ಗಡ್ಡೆ ಮಾತ್ರ ಉಳಿಯಿತು. ಮಾರನೆಯ ದಿನದ ಹೊತ್ತಿಗೆ ಅದಕ್ಕೆ ಬೇರೆ ಹೆಸರೇ ಬಂದಿತ್ತು. ಆ ಹೆಸರನ್ನು ಯಾರೂ ನನ್ನೆದುರು ಜೋರಾಗಿ ಹೇಳುತ್ತಿರಲಿಲ್ಲ, ಬಾಗಿಲಾಚೆ ಚಪ್ಪಲಿ ಬಿಡುವಾಗ ಪಿಸುಗುಡುತ್ತಿದ್ದರು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರಬಾರದು ಎಂದು ಒಬ್ಬರು ಬ್ರೆಡ್ಡು, ಒಬ್ಬರು ಎಳನೀರು, ಡೈರಿಗೆ ಹಾಲು ಹಾಕುವ ಜಯಮ್ಮ ಒಂದು ಚೀಲ ಕಿತ್ತಳೆ. ಎಲ್ಲರೂ ಮಂಚದ ಪಕ್ಕ ಕೂತು ತಮಗೆ ಗೊತ್ತಿದ್ದ ಗಡ್ಡೆಯ ಕತೆಗಳನ್ನು ಹೇಳಿದರು. ಯಾವ ಕತೆಯಲ್ಲೂ ಯಾರೂ ಬದುಕಲಿಲ್ಲ.

"ನಮ್ಮತ್ತಿಗೇಗೂ ಇಂಗೇ ಕಿವಿ ತಾವ್ಲೇ ಸುರುವಾಗಿದ್ದು ಕಣ್ ಯಸೋದ" ಎಂದು ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನೇನೂ ಎದ್ರುಕೋಬ್ಯಾಡ." ಇನ್ನೊಬ್ಬಾಕೆ ಗಡ್ಡೆಯ ಬೇರು ಉಳಿದಿದ್ದರೆ ಕರಗಲಿ ಎಂದು ಸುಣ್ಣ ಬೆಲ್ಲ ಕಲಸಿಕೊಂಡೇ ಬಂದಿದ್ದಳು. ಹಸಿ ಹೊಲಿಗೆಯ ಮೇಲೆ ಅದನ್ನು ಹಚ್ಚಲು ಕೈ ಮುಂದೆ ಮಾಡಿದಾಗ ನಾನು ಮಂಚದಿಂದ ಎದ್ದು ಕೊಟ್ಟಿಗೆಗೆ ಹೋಗಿ ನಿಂತುಕೊಂಡೆ. ನೋವು ತಡೆಯೋಕಾಗ್ತಿಲ್ಲ ಅದಕ್ಕೆ ಓಡಾಡ್ತಾಳೆ ಎಂದು ಒಳಗೆ ಅವರೇ ಮಾತಾಡಿಕೊಂಡರು. ಹಸುವಿಗೆ ನನ್ನ ಮುಖದ ಬಣ್ಣ ಯಾವುದಾದರೂ ಒಂದೇ. ಮೂಸಿ ನೋಡಿ ಹುಲ್ಲು ತಿನ್ನುತ್ತಾ ನಿಂತಿತು.

ಮೊದಲು ನನ್ನ ಮುಖ ನೋಡಿ ಹುಷಾರಿಲ್ಲವಾ ಅನ್ನುತ್ತಿದ್ದರು. ಆ ಮಾತು ಕೇಳಲಾಗದೆ ಆಪರೇಷನ್ ಮಾಡಿಸಿಕೊಂಡರೆ, ನನ್ನ ಗಂಡನೇ ಊರಿಗೆಲ್ಲ ಹುಷಾರಿಲ್ಲ ಎಂದು ಸಾರಿ ಬಂದಿದ್ದರು.

ಹೊಲಿಗೆ ಬಿಚ್ಚಿಸಿ ಬಾಯಿ ಬಿಡುವ ಹಾಗಾದ ಮೊದಲನೆಯ ಭಾನುವಾರವೇ ಕೇಳಿದೆ. ಯಜಮಾನರು ಜಗುಲಿಯ ಮೇಲೆ ಕೂತು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ತಪ್ಪದೆ ಮಾಡುವ ಕೆಲಸ ಅದು. ಹಳೆಯ ಶರ್ಟು, ಸ್ಟೀಲ್ ಬಟ್ಟಲಲ್ಲಿ ಕಲಸಿದ ಕಪ್ಪು, ಮೀಸೆಗೆ ಬೇರೆಯಾಗಿ ಹಲ್ಲುಜ್ಜುವ ಬ್ರಷ್ಷು.

"ಯಾಕೆ ಹಾಗೆ ಹೇಳಿದ್ರಿ?" ಅಂದೆ.

"ಮತ್ತೇನೇಳ್ಲಿ? ಅಜ್ಜಿಯಾಗೋ ವಯ್ಸಲ್ಲಿ ನನ್ನೆಂಡ್ತಿ ಮುಖ ಎಳುಸ್ಕೊಂಡವ್ಳೆ ಅನ್ಲಾ? ಫ್ಯಾಕ್ಟ್ರೀಲಿ ನಾನು ತಲೆ ಎತ್ಕೊಂಡ್ ಓಡಾಡೋದ್ ಬ್ಯಾಡ್ವಾ?"

"ಗಡ್ಡೆ ಅಂದ್ರೆ ಪರವಾಗಿಲ್ವಾ?"

"ಗಡ್ಡೆ ಯಾರಿಗ್ ಬೇಕಾರೂ ಬತ್ತದೆ. ಅದ್ರಲ್ಲಿ ಅವ್ಮಾನ ಏನೈತೆ" ಅಂದು ಕನ್ನಡಿ ಎತ್ತಿ ಹಿಡಿದು ಮೀಸೆಯ ತುದಿಯನ್ನು ಕಪ್ಪಗೆ ಮಾಡಿಕೊಂಡರು.

ಸಾಯುವ ಕಾಯಿಲೆಗಿಂತ ಹೆಂಡತಿಯ ಆಸೆ ಅವಮಾನ. ಆ ಬಟ್ಟಲನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಆಗಲೇ ಎಸೆದಿದ್ದರೆ ಮುಂದಿನದ್ದು ಇಷ್ಟು ದೂರ ಹೋಗುತ್ತಿರಲಿಲ್ಲವೇನೋ.

ಅಷ್ಟರಲ್ಲಿ ನಮ್ಮತ್ತೆ ಬಂದರು. ಎಂಬತ್ತರ ಹತ್ತಿರದವರು. ಶ್ರೀರಂಗಪಟ್ಟಣದ ಮಗಳ ಮನೆಯಲ್ಲಿದ್ದವರು ಸುದ್ದಿ ತಿಳಿದು ಬಸ್ಸು ಬದಲಾಯಿಸಿಕೊಂಡು ಒಬ್ಬರೇ ಬಂದಿದ್ದರು. ಅವರಿಗೂ ಮಗ ಹೇಳಿದ್ದು ಗಡ್ಡೆಯೇ. ನನ್ನ ಮುಖ ನೋಡಿ ಅವರು ಅಳಲಿಲ್ಲ, ಯಾರ ಕತೆಯನ್ನೂ ಹೇಳಲಿಲ್ಲ. ಬಂದವರಿಗೆಲ್ಲ, "ಅವ್ಳು ಮಲ್ಕೊಳ್ಲಿ, ಓಗ್ರವ್ವ" ಎಂದು ಬಾಗಿಲು ತೋರಿಸಿದರು. ಅಗಿಯಲು ಇನ್ನೂ ಆಗುತ್ತಿರಲಿಲ್ಲವಾದ್ದರಿಂದ ರಾಗಿ ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ, ಚಮಚದಲ್ಲಿ ಕುಡಿಸಿದರು. ಮರಗಟ್ಟಿದ್ದ ತುಟಿಯಿಂದ ಅಂಬಲಿ ಸೋರಿದರೆ ತಮ್ಮ ಸೆರಗಿನಿಂದಲೇ ಒರೆಸಿದರು. ಅದಕ್ಕಿಂತ ಒಳ್ಳೆಯ ಊಟ ನಾನು ಉಂಡಿಲ್ಲ. ಆದರೆ ಅದು ಗಡ್ಡೆಯವಳಿಗೆ ಮಾಡಿದ ಅಂಬಲಿ. ಅವಳು ನಾನಲ್ಲ.

ಆಗಲೇ ಹೇಳಬೇಕಿತ್ತು. ಹೇಳೋಣ ಎಂದು ಬಾಯಿ ತೆಗೆದ ದಿನ ಅತ್ತೆ ದೇವರ ಗೂಡಿನ ಮುಂದೆ ಕೂತು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟುತ್ತಿದ್ದರು. ನಮ್ಮಲ್ಲಿ ಹರಕೆ ಹೊತ್ತವರು ಹೀಗೆ ಮುಡಿಪು ಕಟ್ಟಿಡುತ್ತಾರೆ. ಹರಕೆ ತೀರುವ ತನಕ ಅದನ್ನು ಬಿಚ್ಚುವಂತಿಲ್ಲ.

"ಏನತ್ತೆ ಇದು?"

"ನಿಂಗೆ ವಾಸಿಯಾಗ್ಲಿ, ನನ್ ಸೊಸೆ ತಲೆಗೂದ್ಲ ಪೂರಾ ಕೊಡಸ್ತೀನಿ ಅಂತ ಮನೆದೇವ್ರಿಗೆ ಏಳ್ಕೊಂಡಿವ್ನಿ ಕಣ್ ಮಗ. ವರ್ಸ ತುಂಬೋದ್ರೊಳ್ಗೆ ಬೆಟ್ಟಕ್ಕೋಗಿ ಮುಡಿ ಕೊಟ್ಬುಟ್ಟು ಬರಾನ."

ನಮ್ಮ ಮನೆದೇವರು ನಾಗಮಂಗಲದ ಕಡೆಯ ಒಂದು ಬೆಟ್ಟದ ಮೇಲಿದೆ. ಹೆಂಗಸರು ಸಾಮಾನ್ಯವಾಗಿ ಹೂಮುಡಿ ಅಂತ ಕೊಡುತ್ತಾರೆ, ತುದಿಯಲ್ಲಿ ಒಂದಿಷ್ಟು ಕತ್ತರಿಸಿದರೆ ಆಯಿತು. ಆದರೆ ಗಡ್ಡೆ ದೊಡ್ಡದು ಎಂದು ಅತ್ತೆ ಹರಕೆಯನ್ನೂ ದೊಡ್ಡದು ಮಾಡಿದ್ದರು. ತಲೆ ಬೋಳಿಸಿದರೆ ಕಿವಿಯ ಮುಂದಿನ ಗೆರೆ, ಹಿಂದಿನ ಗೆರೆ, ಕೂದಲೊಳಕ್ಕೆ ಹೋದ ಗೆರೆ, ಒಂದೂ ಬಿಡದೆ ಊರಿಗೆ ಕಾಣುತ್ತದೆ. ಎರಡೂ ಕಡೆ ಒಂದೇ ಅಳತೆಯ ಹೊಲಿಗೆ. ಎರಡು ಕಿವಿಗೂ ಒಂದೇ ಸಮ ಗಡ್ಡೆ ಬರುತ್ತದೆಯೇ?

ತೆಗೆದ ಬಾಯನ್ನು ಮುಚ್ಚಿಕೊಂಡೆ. ನನಗೆ ಆಗ ಗೆರೆಯ ಭಯವೇ ಹೆಚ್ಚಾಗಿತ್ತು.

ಆ ಗೆರೆ ಗೆರೆಯಾಗಿಯೂ ಉಳಿಯಲಿಲ್ಲ. ಊತ ಇಳಿದ ಮೇಲೆ ಕನ್ನಡಿಯಲ್ಲಿ ಕೆನ್ನೆ ಚೆನ್ನಾಗಿಯೇ ಕಂಡಿತು. ಬಾಯಿಯ ಕೊನೆ ಮೇಲೆ ಬಂದಿತ್ತು. ಅಳುಮುಖ ಹೋಗಿತ್ತು. ಆ ಸಂತೋಷವನ್ನು ಒಂದು ತಿಂಗಳು ಅನುಭವಿಸಿದೆನೋ ಇಲ್ಲವೋ, ಕಿವಿಯ ಹಿಂದೆ ತುರಿಕೆ ಶುರುವಾಯಿತು. ಮುಂದಿನ ಗೆರೆ ತೆಳ್ಳಗೆ ಬೆಳ್ಳಗಾಗುತ್ತಾ ಬಂದರೆ, ಹಿಂದಿನದು ಕೆಂಪಗೆ ದಪ್ಪಗೆ ಹಗ್ಗದ ಹಾಗೆ ಎದ್ದಿತು. ಎಡಗಿವಿಯ ಹಾಲೆ ಕೆಳಕ್ಕೆ ಎಳೆದುಕೊಂಡು ಓಲೆ ಸೊಟ್ಟಗೆ ನಿಲ್ಲುತ್ತಿತ್ತು. ಮೈಸೂರಿಗೆ ಫೋನು ಮಾಡಿದೆ. ಡಾಕ್ಟರು, "ಅದು ನಿಮ್ಮ ಚರ್ಮದ ಗುಣ ಅಮ್ಮ, ನಾವೇನ್ ಮಾಡೋಕಾಗುತ್ತೆ. ಕಾದು ನೋಡಿ" ಅಂದರು. ಗೆರೆ ಕಾಣುವುದಿಲ್ಲ ಅಂದಿದ್ದಾಗ ಅದು ಅವರ ಕೈಗುಣ. ಕಂಡ ಮೇಲೆ ನನ್ನ ಚರ್ಮದ ಗುಣ.

ಕಿವಿ ಮುಚ್ಚುವ ಹಾಗೆ ಕೂದಲು ಇಳಿಬಿಟ್ಟು ಡೈರಿಗೆ ಹೋಗತೊಡಗಿದೆ. ಜೀವಮಾನದಲ್ಲೇ ಕೂದಲು ಬಿಟ್ಟು ಕೆಲಸ ಮಾಡಿದವಳಲ್ಲ. ಬೆವರು ಇಳಿದು ಕಲೆಯ ಮೇಲೆ ಉರಿ ಹತ್ತುತ್ತಿತ್ತು. ಒಂದು ಕೈಯಲ್ಲಿ ಹಾಲಿನ ಸ್ಯಾಂಪಲ್ಲು, ಇನ್ನೊಂದು ಕೈ ತುರಿಸಿಕೊಳ್ಳದ ಹಾಗೆ ಸೊಂಟಕ್ಕೆ ಸಿಕ್ಕಿಸಿದ ಸೆರಗಿನಲ್ಲಿ. "ಎಂಗೈತಕ್ಕ ಈಗ? ಮತ್ತೆ ಬರಾಕಿಲ್ವಂತಾ?" ಎಂದು ಜನ ಕೇಳುತ್ತಿದ್ದರು. ಇಲ್ಲದ ಗಡ್ಡೆಯ ಯೋಗಕ್ಷೇಮ ಹೇಳುತ್ತಾ ಇದ್ದ ಗಾಯವನ್ನು ಮುಚ್ಚಿಟ್ಟುಕೊಂಡು ನಿಂತಿರುತ್ತಿದ್ದೆ. ರಾತ್ರಿ ಬಲಕ್ಕೂ ಮಲಗಲಾಗುತ್ತಿರಲಿಲ್ಲ, ಎಡಕ್ಕೂ ಮಲಗಲಾಗುತ್ತಿರಲಿಲ್ಲ. ಇದನ್ನು ಅನುಭವಿಸಿದವರಿಗೆ ಗೊತ್ತು, ಕಲೆ ನೋವಿಗಿಂತ ಕೆಟ್ಟದ್ದು. ನೋವಿಗಾದರೆ ಮಾತ್ರೆ ಉಂಟು. ಇದು ಇನ್ನೆಷ್ಟು ಬೆಳೆಯುತ್ತದೆ ಎಂದು ದಿನಾ ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುವುದಕ್ಕೆ ಮಾತ್ರೆಯಿಲ್ಲ.

ಕೊನೆಗೆ ಪಾಂಡವಪುರದಲ್ಲಿ ವಾರಕ್ಕೊಂದು ದಿನ ಬರುವ ಚರ್ಮದ ಡಾಕ್ಟರ ಬಳಿ ಹೋದೆ. ಒಬ್ಬಳೇ ಹೋಗುತ್ತೇನೆ ಅಂದರೂ ಯಜಮಾನರು ಜೊತೆಗೆ ಬಂದರು. ನಾನು ಏನಾದರೂ ಬಾಯಿಬಿಟ್ಟೇನೆಂಬ ಭಯ ಅವರಿಗೆ. ಉದ್ದನೆಯ ಬೆಂಚು, ಗೋಡೆಗೊರಗಿ ಕೂತ ಜನ. ಕಜ್ಜಿ, ತೊನ್ನು, ಕೂದಲುದುರುವವರು. ನನ್ನ ಪಕ್ಕ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಅವಳೂ ನನ್ನ ಹಾಗೆ ಕೂದಲನ್ನು ಒಂದು ಕಡೆಗೆ ಇಳಿಬಿಟ್ಟಿದ್ದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಆಂಟಿ, ನಿಮ್ಗೂ ಕಿವೀಲಾ?" ಅಂದಳು.

ಹೂಂ ಅಂದೆ.

ಅವಳು ಕೂದಲೆತ್ತಿ ತೋರಿಸಿದಳು. ಕಿವಿಯ ಮೇಲ್ಭಾಗಕ್ಕೆ ಎರಡನೆಯ ಸಲ ಚುಚ್ಚಿಸಿಕೊಂಡ ಕಡೆ ದ್ರಾಕ್ಷಿಯಷ್ಟು ಗಂಟು. "ಚುಚ್ಚಿಸ್ಕೊಬ್ಯಾಡ ಅಂದಿದ್ದೆ, ಅನ್ಬವ್ಸು ಅಂತಾರೆ ನಮ್ಮಮ್ಮ" ಅಂದಳು. ನಾನೂ ಸುತ್ತ ನೋಡಿ ಕೂದಲೆತ್ತಿದೆ. ಅವಳು ಹತ್ತಿರ ಬಾಗಿ ನೋಡಿ, "ನಂದಕ್ಕಿಂತ ಉದ್ದ ಐತೆ. ಸಂಜೆ ಹೊತ್ತು ಜಾಸ್ತಿ ನವೆ ಆಯ್ತದಾ?" ಎಂದು ಕೇಳಿದಳು. ಹೌದು, ಸಂಜೆ ಜಾಸ್ತಿ. ಯಾಕೆ ಬಂತು, ಏನು ಮಾಡಿಸಿಕೊಂಡಿರಿ ಎಂದು ಅವಳು ಕೇಳಲೇ ಇಲ್ಲ. ಇಬ್ಬರೂ ನವೆಯ ವಿಷಯ ಮಾತಾಡಿದೆವು. ಅಷ್ಟು ತಿಂಗಳಲ್ಲಿ ನನ್ನ ಎದೆ ಹಗುರಾದದ್ದು ಆ ಬೆಂಚಿನ ಮೇಲೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಲೆಯನ್ನು ಒತ್ತಿ ನೋಡಿ, "ಏನು ಆಪರೇಷನ್ ಆಗಿತ್ತು?" ಅಂದರು.

ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು, "ಗಡ್ಡೆ ಇತ್ತು ಮೇಡಂ" ಅಂದರು.

ಡಾಕ್ಟರ ಕೈ ನಿಂತಿತು. "ಗಡ್ಡೆ ತೆಗೆದ ಜಾಗದಲ್ಲೇ ಮತ್ತೆ ಉಬ್ಬಿದೆಯಾ? ಹಾಗಾದ್ರೆ ನಾನು ಸುಮ್ಮನೆ ಇಂಜೆಕ್ಷನ್ ಹಾಕೋಕಾಗಲ್ಲ. ಗಡ್ಡೆ ಎಂಥದು ಅಂತ ಪರೀಕ್ಷೆ ಮಾಡಿದ ರಿಪೋರ್ಟು ತನ್ನಿ. ಇಲ್ಲದಿದ್ರೆ ಇಲ್ಲೊಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾಗುತ್ತೆ."

ಯಜಮಾನರು ಸೀಲಿಂಗ್ ಫ್ಯಾನು ನೋಡಿದರು. ಅವರ ಮಾನ ಉಳಿಯಲು ನನ್ನ ಕಿವಿಯ ಹಿಂದೆ ಇನ್ನೊಂದು ಸಲ ಕತ್ತರಿ ಆಡಬೇಕು. ಒಂದು ಕ್ಷಣ ಕಾದೆ. ಅವರು ಹೇಳುತ್ತಾರೇನೋ ಎಂದು ನಿಜವಾಗಿಯೂ ಕಾದೆ. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ.

"ಗಡ್ಡೆ ಇರಲಿಲ್ಲ ಮೇಡಂ. ಮುಖ ಎತ್ತಿಸಿಕೊಂಡಿದ್ದೀನಿ. ಜೋತುಬಿದ್ದಿತ್ತು, ಎತ್ತಿಸಿಕೊಂಡೆ. ಇವರಿಗೆ ನಾಚಿಕೆ, ಅದಕ್ಕೆ ಸುಳ್ಳು ಹೇಳ್ತಿದ್ದಾರೆ."

ಯಜಮಾನರು ಎದ್ದು ಹೊರಗೆ ಹೋದರು. ಡಾಕ್ಟರು ನಗಲಿಲ್ಲ, ಈ ವಯಸ್ಸಿನಲ್ಲಿ ಯಾಕೆ ಅನ್ನಲಿಲ್ಲ. ನನ್ನ ತೋಳಿನ ಗಂಟನ್ನು ತಾವಾಗಿಯೇ ನೋಡಿ, "ಇದನ್ನ ಅವತ್ತೇ ನೋಡಬೇಕಿತ್ತು" ಅಂದರು. ಅಷ್ಟು ಸಾಕಾಯಿತು. ಕಲೆಯೊಳಕ್ಕೇ ಇಂಜೆಕ್ಷನ್ ಹಾಕಿದರು. ಆ ನೋವು ಆಪರೇಷನ್ನಿಗಿಂತ ಹೆಚ್ಚು, ಸುಳ್ಳು ಹೇಳುವುದಿಲ್ಲ. ತಿಂಗಳಿಗೊಮ್ಮೆ ಬರಬೇಕು, ನಿಧಾನಕ್ಕೆ ತಗ್ಗುತ್ತದೆ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಅಂದರು. ಮಾತು ಕೊಡದ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು.

ಕೆ.ಆರ್. ಪೇಟೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ಅವರು ಕಿಟಕಿಯ ಕಡೆ, ನಾನು ಕಂಡಕ್ಟರನ ಕಡೆ. ಮನೆಗೆ ಬಂದರೆ ಅತ್ತೆ ಹೊಸಿಲ ಮೇಲೆ ಕೂತಿದ್ದರು. "ಬರೋ ಸೋಮ್ವಾರ ದಿವ್ಸ ಸಂದಾಗೈತಂತೆ. ಬೆಟ್ಟಕ್ಕೋಗಿ ಮುಡಿ ಕೊಟ್ಬುಡಾನ" ಅಂದರು.

ಕಿವಿಯ ಹಿಂದೆ ಇನ್ನೂ ಉರಿಯುತ್ತಿತ್ತು. ಆ ಉರಿಯಲ್ಲೇ ಅವರ ಪಕ್ಕ ಕೂತು ಹೇಳಿಬಿಟ್ಟೆ. ಗಡ್ಡೆ ಇರಲಿಲ್ಲ ಅತ್ತೆ. ಏನು ಮಾಡಿಸಿಕೊಂಡೆ, ಎಲ್ಲಿ ಕೊಯ್ದರು, ಯಾರು ಗಡ್ಡೆ ಅಂದರು, ಎಲ್ಲ.

ಅತ್ತೆ, "ನಾನು ದೇವ್ರ ಮುಂದೆ ಅತ್ತುದ್ದು?" ಅಂದರು. ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಸಂಜೆ ಊಟ ಬೇಡ ಅಂದರು. ನನ್ನ ಮೇಲೂ ಸಿಟ್ಟಿತ್ತು ಅವರಿಗೆ, ಇರಬೇಕಾದದ್ದೇ. ಮಾರನೆಯ ದಿನ ಬೆಳಗ್ಗೆ ಡೈರಿ ಮುಗಿಸಿ ಬಂದಾಗ ನನ್ನನ್ನು ಕರೆದು ಮುಂದೆ ಕೂರಿಸಿಕೊಂಡು, ಕೂದಲು ಸರಿಸಿ, ಕಲೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಅಂಗೇ ಇದ್ದಿದ್ರೆ ಏನಾಯ್ತಿತ್ತು ಮಗ?"

"ಎಲ್ಲರೂ ಯಾಕೆ ಅಳ್ತಿದ್ದೀಯ ಅಂತ ಕೇಳೋರು ಅತ್ತೆ. ದಿನಾ ಕೇಳೋರು."

ಅವರು ಯೋಚಿಸಿದರು. "ಔದು" ಅಂದರು. "ನಾನೂ ಕೇಳಿವ್ನಿ."

ಆಮೇಲೆ ಮಗನನ್ನು ಕೂಗಿದರು. ಯಜಮಾನರು ಕಾರ್ಖಾನೆಗೆ ಹೊರಡಲು ಶರ್ಟು ಹಾಕಿಕೊಳ್ಳುತ್ತಾ ಬಂದರು.

"ಮುಡಿಪು ಕಟ್ಟಾಗೈತೆ ಕಣ್ಲಾ. ದೇವ್ರಿಗೆ ಕೂದ್ಲು ಕೊಡ್ತೀನಿ ಅಂದಿವ್ನಿ, ಸುಳ್ಳಾಡಕಾಗಾಕಿಲ್ಲ. ಗಡ್ಡೆ ಬಂದಿದ್ದು ಇವ್ಳ ಕಿವೀಲಲ್ಲ, ನಿನ್ ಬಾಯಲ್ಲಿ. ನೀನೇ ಕೊಡು ಮುಡಿಯ."

"ಅವ್ವಾ, ಜನ ಏನಂದಾರು..."

"ಮೀಸೇನೂ" ಅಂದರು ಅತ್ತೆ.

ಸೋಮವಾರ ಬೆಟ್ಟಕ್ಕೆ ಮೂವರೂ ಹೋದೆವು. ನಾಗಮಂಗಲದಲ್ಲಿ ಬಸ್ಸು ಬದಲಾಯಿಸುವಾಗ ಯಜಮಾನರು ಎರಡು ಸಲ ತಲೆ ಬಾಚಿಕೊಂಡರು. ಮುಡಿ ತೆಗೆಯುವವನು ಕಲ್ಲಿನ ಮೇಲೆ ಕೂರಿಸಿ, ನೀರು ಚಿಮುಕಿಸಿ, ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ, "ಏನರ್ಕೆ ಯಜಮಾನ್ರೆ?" ಎಂದು ಕೇಳಿದ. ಯಜಮಾನರು ತಲೆ ತಗ್ಗಿಸಿಕೊಂಡೇ ಇದ್ದರು.

"ಎಂಡ್ತಿ ಮೇಲೆ ಸುಳ್ಳೇಳಿದ್ದ, ಅದ್ಕೆ" ಎಂದು ಅತ್ತೆ ಹೇಳಿದರು.

ಅವನು ಕತ್ತಿ ಆಡಿಸಿದ. ಕಪ್ಪು ಕೂದಲು ಮಡಿಲಿಗೆ ಬಿತ್ತು. ಬುಡದ ಕಡೆಯೆಲ್ಲ ಬಿಳಿ. ಮೀಸೆ ಹೋದ ಮೇಲೆ ಮೇಲ್ತುಟಿ ಎಷ್ಟು ಸಣ್ಣದಾಗಿ ಕಂಡಿತೆಂದರೆ ನನಗೆ ಒಂದು ಗಳಿಗೆ ಕನಿಕರ ಹುಟ್ಟಿತು. ಒಂದೇ ಗಳಿಗೆ. ಆಮೇಲೆ ನಾನು ಇಳಿಬಿಟ್ಟಿದ್ದ ನನ್ನ ಕೂದಲನ್ನು ಎತ್ತಿ ಬಿಗಿಯಾಗಿ ತುರುಬು ಕಟ್ಟಿದೆ. ಬೆಟ್ಟದ ಗಾಳಿ ಕಿವಿಯ ಹಿಂದೆ ತಗುಲಿತು. ಎಷ್ಟು ತಂಪಾಗಿತ್ತು ಅಂದರೆ ಅಲ್ಲೇ ನಿಂತುಬಿಟ್ಟೆ. ಅತ್ತೆ ಮುಡಿಪು ಬಿಚ್ಚಿ ಕಾಸನ್ನು ಹುಂಡಿಗೆ ಹಾಕಿದರು.

ಮಾರನೆಯ ಬೆಳಗ್ಗೆ ಅದೇ ತುರುಬಿನಲ್ಲಿ ಡೈರಿಗೆ ಹೋದೆ. ಯಜಮಾನರು ನಮ್ಮ ಮನೆಯ ಹಾಲಿನ ಕ್ಯಾನು ತಂದು ಸಾಲಿನಲ್ಲಿ ನಿಂತರು. ನಮ್ಮ ಕಡೆ ಗಂಡಸು ತಲೆಗೂದಲನ್ನೂ ಮೀಸೆಯನ್ನೂ ಒಟ್ಟಿಗೆ ತೆಗೆಸಿದರೆ ಅದಕ್ಕಿರುವ ಅರ್ಥ ಒಂದೇ. ತಿಮ್ಮೇಗೌಡ ಗಾಬರಿಯಾಗಿ ಹತ್ತಿರ ಬಂದ.

"ಯಾಕ್ಲಾ, ಅವ್ವ ತೀರ್ಕಂಡ್ಲಾ? ಒಂದ್ ಮಾತು ಏಳ್ನಿಲ್ವಲ್ಲೋ."

"ಇಲ್ಲ ಕಣ್ಲಾ, ಚೆನ್ನಾಗವ್ಳೆ."

"ಮತ್ತೇನಾಯ್ತು? ಉಸಾರಾಗಿದ್ದೀಯಾ?"

ಹಿಂದಿದ್ದವರೂ ಕೇಳಿದರು. ಏನಾಯ್ತಣ್ಣ, ಯಾಕಣ್ಣ, ಮನೇಲಿ ಎಲ್ಲ ಸರಿಯೈತಾ. ನಾನು ಸ್ಯಾಂಪಲ್ಲು ತೆಗೆಯುತ್ತಾ ಸುಮ್ಮನೆ ನೋಡಿದೆ. ದಿನಾ ಹುಷಾರಾಗಿದ್ದೇನೆ ಎಂದು ಸಾಕ್ಷಿ ಹೇಳುವುದು ಹೇಗಿರುತ್ತದೆ ಎಂದು ಯಜಮಾನರಿಗೂ ತಿಳಿಯಲಿ. ಅವರು ನನ್ನ ಕಡೆ ತಿರುಗಿದರು. ಆ ಸ್ಟೇಷನ್ನಿನಲ್ಲಿ ತಿರುಗದೆ ಇದ್ದವರು.

"ಹೇಳಿ" ಅಂದೆ.

"ಯಸೋದಂಗೆ ಗಡ್ಡೆ ಇರ್ಲಿಲ್ಲ" ಅಂದರು. ದನಿ ಸಣ್ಣಗಿತ್ತು, ಆದರೆ ಸಾಲಿಗೆಲ್ಲ ಕೇಳಿಸಿತು. "ಮುಖ ಎತ್ತುಸ್ಕೊಂಡ್ಲು. ನಂಗೆ ನಾಚ್ಕೆಯಾಗಿ ಸುಳ್ಳೇಳ್ದೆ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ನಗುವವರು ನಕ್ಕೊಳ್ಳಲಿ ಎಂದು ನಾನು ಮುಂದಿನ ಕ್ಯಾನಿಗೆ ಕೈ ಚಾಚಿದೆ. ಅದು ಜಯಮ್ಮನದು. ಅವಳು ಕ್ಯಾನನ್ನು ಕೊಡದೆ ಕೆಳಗಿಟ್ಟು, ಮೇಜು ಸುತ್ತಿಕೊಂಡು ನನ್ನ ಹಿಂದೆ ಬಂದು ನಿಂತಳು. ನನ್ನ ಕಿವಿ ನೋಡಿದಳು. ನಾನು ಸೆಟೆದು ನಿಂತೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಅಂದರೆ ಬೈದುಬಿಡೋಣ ಎಂದು ಬೈಗುಳವನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೆ.

"ಬಾಳ ನೋವಾಯ್ತಾ ಯಸೋದ?" ಅಂದಳು.

ವರ್ಷವಿಡೀ ಊರಿನಲ್ಲಿ ಎಲ್ಲರೂ ಇಲ್ಲದ ಗಡ್ಡೆಯನ್ನು ವಿಚಾರಿಸಿದ್ದರು. ಈ ನೋವನ್ನು ಕೇಳಿದವಳು ಅವಳೊಬ್ಬಳೇ. ನಾಲಿಗೆಯ ಮೇಲಿದ್ದ ಬೈಗುಳ ಎಲ್ಲಿ ಹೋಯಿತೋ.

"ಆಯ್ತು ಜಯಕ್ಕ. ಇನ್ನೂ ಆಗ್ತಾ ಇದೆ" ಅಂದೆ.

ಅಷ್ಟು ಹೇಳುವಾಗ ಕಣ್ಣಲ್ಲಿ ನೀರು ಇಳಿಯಿತು. ಎತ್ತಿ ಹೊಲಿದ ಕೆನ್ನೆಯ ಮೇಲೆ ಅದು ಸರಾಗವಾಗಿ ಹರಿಯಿತು, ಮರಗಟ್ಟಿದ್ದ ಕೆನ್ನೆಗೆ ಅದು ಸರಿಯಾಗಿ ತಿಳಿಯಲೂ ಇಲ್ಲ. ಎಷ್ಟೋ ವರ್ಷ ನಗುತ್ತಾ ನಿಂತವಳನ್ನು ಯಾಕೆ ಅಳ್ತೀಯ ಎಂದು ಕೇಳಿದ್ದ ಆ ಸಾಲು, ನಿಜವಾಗಿ ಅಳುತ್ತಾ ನಿಂತ ದಿನ ಏನೂ ಕೇಳದೆ ಒಂದೊಂದೇ ಕ್ಯಾನನ್ನು ಮುಂದಕ್ಕೆ ಕೊಟ್ಟಿತು.